ಕತ್ತರಿಗೆ ತಿಳಿಯದ ಗಂಟು

ಟೊಪಾಲಜಿಯಲ್ಲಿ, ಅಂದರೆ ಕತ್ತರಿಸದೆ ಹಿಗ್ಗಿಸಿ ಬಾಗಿಸಬಹುದಾದ ಆಕಾರಗಳ ಶಾಸ್ತ್ರದಲ್ಲಿ, ಗಂಟುಗಳ ಗಣಿತ ಮಾಡುವ ಪ್ರೊಫೆಸರ್ ವಾರಿಜಾ ಅವರ ಮೇಜಿನ ಮೇಲೆ, ಎರಡು ತುದಿ ಸೇರಿಸಿ ಹೊಲಿದ ಹಗ್ಗವೊಂದು ಗಂಟು ಬಿದ್ದು ಕೂತಿತ್ತು. ಇಪ್ಪತ್ತು ವರ್ಷದಿಂದ ಆಕೆ ಬೆಳಿಗ್ಗೆ ಅದನ್ನು ಬಿಚ್ಚಲು ನೋಡುತ್ತಿದ್ದರು, ಮಧ್ಯಾಹ್ನ ಅದನ್ನು ಬಿಚ್ಚಲು ಸಾಧ್ಯವೇ ಇಲ್ಲವೆಂದು ಸಾಧಿಸಲು ನೋಡುತ್ತಿದ್ದರು.

“ನನಗೆ ಬಿಟ್ಟರೆ ಕ್ಷಣದ ಕೆಲಸ,” ಎಂದಿತು ಪಕ್ಕದಲ್ಲಿದ್ದ ಕತ್ತರಿ.

“ಕತ್ತರಿಸಬಾರದು ಎಂಬುದೇ ಇಲ್ಲಿಯ ನಿಯಮ,” ಎಂದಿತು ಹಗ್ಗ.

ನಿವೃತ್ತಿಯ ಹಿಂದಿನ ದಿನ ಆಕೆ ಸಾಧಿಸಿಯೇ ಬಿಟ್ಟರು: ಗಂಟು ಬಿಚ್ಚಲಾಗದ್ದು. ಎಲ್ಲರೂ ಕೈಕುಲುಕಿ ಹೋದರು. ವಾರಿಜಾ ಕೂತರು, ಎದ್ದರು, ಮತ್ತೆ ಕೂತು ಹಗ್ಗ ಎತ್ತಿಕೊಂಡು ಗಂಟು ಸಡಿಲಿಸತೊಡಗಿದರು.

“ಬಿಚ್ಚಲಾಗದು ಎಂದು ಅವರೇ ತೋರಿಸಿದರಲ್ಲ. ಇನ್ನೇನು ಹುಡುಕುತ್ತಿದ್ದಾರೆ?” ಎಂದು ಕತ್ತರಿ ಕೇಳಿತು.

“ನಾಳೆ ಬೆಳಿಗ್ಗೆ ಏನು ಮಾಡುವುದು ಅಂತ,” ಎಂದಿತು ಹಗ್ಗ.