ಅಕ್ಕಿ ಬಣ್ಣದ ಕಲ್ಲು

ಹೊಳೆಯಾಚೆಯ ಹುಲ್ಲುಗಾವಲಿನಲ್ಲಿ ಮರೆಹುಲಿ ಇತ್ತು. ಅದರ ಮೈ ನೀರಿನಷ್ಟು ತಿಳಿ. ಎದುರಿಗೇ ನಿಂತರೂ ಹಿಂದಿನ ಹುಲ್ಲು ಮಾತ್ರ ಕಾಣುತ್ತಿತ್ತು.

ಆಚೆ ಮೇವು ಚೆನ್ನಾಗಿದೆಯೆಂದು ಶಿಷ್ಯ ಚೆನ್ನಮಲ್ಲ ಆಶ್ರಮದ ತುಂಬು ಗಬ್ಬದ ಹಸು ಕೆಂದಿಯನ್ನು ಹೊಳೆ ದಾಟಿಸಿ, ತಾನು ಈಚೆ ದಡದಲ್ಲಿ ಸೊಗಸಾಗಿ ನಿದ್ದೆ ಹೊಡೆದ. ಎದ್ದಾಗ ಹಸು ಕಾಣಲಿಲ್ಲ. ಹುಡುಕುವ ಧೈರ್ಯವಿಲ್ಲದೆ ಓಡಿಬಂದು ಗುರು ಕರಿಬಸಯ್ಯನವರ ಕಾಲಿಗೆ ಬಿದ್ದ.

"ಗುರುಗಳೇ, ಕಾಣುವ ಹುಲಿಯಾದರೆ ತಪ್ಪಿಸಿಕೊಳ್ಳಬಹುದು. ಇದಕ್ಕೆ ಈ ಕಳ್ಳವಿದ್ಯೆ ಕಲಿಸಿದವರು ಯಾರು?"

ಬೆಳಿಗ್ಗೆ ಅವನೇ ಆರಿಸಿಟ್ಟಿದ್ದ ಅಕ್ಕಿಯ ಮೊರವನ್ನು ಗುರುಗಳು ಮುಂದಿಟ್ಟರು.

"ಇದರಲ್ಲಿ ಕಲ್ಲಿದೆಯೇ?"

"ಇಲ್ಲ. ಕಂಡದ್ದನ್ನೆಲ್ಲ ತೆಗೆದೆ."

ಗುರುಗಳು ಬೆರಳಾಡಿಸಿ ಎರಡು ಕಲ್ಲು ಹೆಕ್ಕಿದರು. ಅಕ್ಕಿಯದೇ ಬಣ್ಣ, ಅಕ್ಕಿಯದೇ ಗಾತ್ರ.

"ಇವಕ್ಕೆ ಅಡಗುವುದನ್ನು ಕಲಿಸಿದವರು ಯಾರು?"

"ಯಾರೂ ಇಲ್ಲ. ಕರಿಯವು ಕಣ್ಣಿಗೆ ಬಿದ್ದವು, ಹೋದವು. ಇವು ಬೀಳಲಿಲ್ಲ, ಉಳಿದವು."

"ಜಿಂಕೆಗೂ ಕಣ್ಣಿದೆಯಪ್ಪಾ. ಅದರ ಕಣ್ಣಿಗೆ ಬಿದ್ದ ಹುಲಿ ಉಪವಾಸ ಸತ್ತಿತು. ಸ್ವಲ್ಪ ಕಡಿಮೆ ಕಂಡದ್ದು ಉಂಡಿತು, ಮರಿ ಹಾಕಿತು. ಆ ಮರಿಗಳಲ್ಲೂ ಹಾಗೆಯೇ ಆಯಿತು. ಸಾವಿರಾರು ತಲೆಮಾರು ಜಿಂಕೆಗಳು ಕೂತು ಆರಿಸಿದ ಹುಲಿ ಅದು."

"ಹಾಗಾದರೆ ನನ್ನ ಕೆಂದಿಯ ಗತಿ?"

ಗುರುಗಳು ಅಕ್ಕಿಯನ್ನು ಪಾತ್ರೆಗೆ ಸುರಿದು, ನೀರು ಹಾಕಿ ಅಲ್ಲಾಡಿಸಿ, ಮೆಲ್ಲಗೆ ಇನ್ನೊಂದಕ್ಕೆ ಬಗ್ಗಿಸಿದರು. ತಳದಲ್ಲಿ ಇನ್ನೂ ಐದಾರು ಕಲ್ಲು ಕುಳಿತಿದ್ದವು.

"ಕಾಣದಿದ್ದರೇನು, ಭಾರ ಇದೆಯಲ್ಲ. ಹೋಗು."

ಚೆನ್ನಮಲ್ಲ ಹೊಳೆ ದಾಟಿ ಹೋದ. ಈ ಸಲ ನೆಲ ನೋಡಿಕೊಂಡು ನಡೆದ. ಒದ್ದೆ ಮರಳಿನಲ್ಲಿ ಅಂಗೈಯಗಲದ ಹೆಜ್ಜೆಗಳು ಎಡಕ್ಕೆ ಹೋಗಿದ್ದವು, ಗೊರಸಿನ ಗುರುತು ಬಲಕ್ಕೆ. ಅವನು ಬಲಕ್ಕೆ ತಿರುಗಿದ.

ದೂರದಲ್ಲಿ, ಗಾಳಿಯೇ ಇಲ್ಲದೆ ಹುಲ್ಲು ಬಾಗಿತು. ಅವನು ಉಸಿರು ಬಿಗಿಹಿಡಿದು ನಿಂತ. ಬಾಗುತ್ತಿದ್ದ ಸಾಲು ನಿಧಾನವಾಗಿ ಆಚೆ ಸರಿದುಹೋಯಿತು.

ಹೊಂಗೆ ಮರದ ಮರೆಯಲ್ಲಿ ಕೆಂದಿ ನಿಂತಿದ್ದಳು. ಅವಳ ಕಾಲಬುಡದಲ್ಲಿ ಒದ್ದೆ ಮೈಯ ಕರು. ಚೆನ್ನಮಲ್ಲ ಅಲ್ಲೇ ಕುಸಿದು ಕುಳಿತು ಅತ್ತ. ಹುಟ್ಟಿದಾಗಿನಿಂದ ಅಷ್ಟು ಸಮಾಧಾನ ಅವನಿಗೆ ಆಗಿರಲಿಲ್ಲ. ಆಮೇಲೆ ಕರುವನ್ನು ಹೆಗಲಿಗೇರಿಸಿಕೊಂಡು, ಕೆಂದಿಯನ್ನು ಹಿಂದೆ ನಡೆಸಿಕೊಂಡು ಹೊಳೆ ದಾಟಿದ.

ಊಟಕ್ಕೆ ಕೂತಾಗ ಅವನ ಬಾಯಿ ನಿಲ್ಲಲೇ ಇಲ್ಲ.

"ಇನ್ನು ಹೆದರಿಕೆಯಿಲ್ಲ ಗುರುಗಳೇ. ನೆಲ ನೋಡಿಕೊಂಡು ನಡೆದರಾಯಿತು."

ಗುರುಗಳ ಬಾಯಲ್ಲಿ ಕಟ್ ಎಂದಿತು. ಸಣ್ಣ ಕಲ್ಲೊಂದನ್ನು ತೆಗೆದು ತಮ್ಮ ಎಲೆಯ ಅಂಚಿಗೆ ಇಟ್ಟರು.

"ಇದು ನಿನ್ನ ಕಣ್ಣನ್ನೂ ದಾಟಿತು, ನನ್ನ ನೀರನ್ನೂ ದಾಟಿತು. ನಾಳೆಯಿಂದ ಕೆಂದಿ ಈಚೆ ದಡದಲ್ಲೇ ಮೇಯಲಿ."