ತೋಫುವಿಗೆ ಕಂಬಳಿ ಹೊದಿಸಿದ ಜವರ

ಕೆಂಪಾಜಮ್ಮನಿಗೆ ಮಗ ಒಬ್ಬನೇ, ಹೆಸರು ಜವರ. ಒಬ್ಬನೇ ಆದದ್ದು ಒಳ್ಳೆಯದೇ ಆಯಿತು ಬಿಡಿ, ಇಂಥವನು ಇನ್ನೊಬ್ಬ ಹುಟ್ಟಿದ್ದರೆ ಆ ಹೆಂಗಸು ಎಲ್ಲಿಗೆ ಹೋಗಬೇಕಿತ್ತು? ನೋಡಲು ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಮುಖದ ತುಂಬ ಮೀಸೆ. ಸೋಮಾರಿಯಲ್ಲ, ಸುಳ್ಳುಗಾರನಲ್ಲ, ಎದುರು ಮಾತಾಡಿದವನೇ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ.

ಒಮ್ಮೆ ಅವನನ್ನು ಮನೆ ಕಟ್ಟುವವರ ಹತ್ತಿರ ಕೂಲಿಗೆ ಕಳಿಸಿದ್ದಳು. ಮೇಸ್ತ್ರಿ "ಈ ಏಣಿ ಹಿಡ್ಕೊಂಡಿರು" ಅಂದ. ಹಿಡಿದುಕೊಂಡ. ಮೇಸ್ತ್ರಿ ಇಳಿದ, ಕೈಕಾಲು ತೊಳೆದ, ಊರಿಗೆ ಹೋದ. ಜವರ ಮಾತ್ರ ಏಣಿ ಹಿಡಿದುಕೊಂಡೇ ಇದ್ದ. ಕೆಂಪಾಜಮ್ಮ ಹುಡುಕಿಕೊಂಡು ಹೋಗಿ ಒಂದೊಂದೇ ಬೆರಳು ಬಿಡಿಸಿ ಕರೆತಂದಳು. ಮಾರನೆಯ ದಿನದಿಂದ ಮೇಸ್ತ್ರಿ ಕೆಲಸಕ್ಕೆ ಕರೆಯಲಿಲ್ಲ.

ಕೆಂಪಾಜಮ್ಮನಿಗೆ ಬೈಲುಕುಪ್ಪೆಯ ಟಿಬೆಟ್ ಕ್ಯಾಂಪಿನ ಒಂದು ಚಿಕ್ಕ ಅತಿಥಿಗೃಹದಲ್ಲಿ ಅಡುಗೆ ಕೆಲಸ. ಅದರ ಯಜಮಾನಿ ಡೋಲ್ಮಾ ಎಂಬ ಟಿಬೆಟನ್ ಹೆಂಗಸು. ಮಾಂಸ ಬೇಯಿಸುವುದಿಲ್ಲ ಎಂದು ಅವಳ ವ್ರತ. ಹಾಗಾಗಿ ಆ ಒಲೆಯ ಮೇಲೆ ಬರೀ ನೂಡಲ್ಸು, ತೋಫು, ಎಲೆಕೋಸು ತುಂಬಿದ ಹಬೆ ಕಡುಬಿನಂಥ ಮೋಮೋ, ಶುಂಠಿ ಬೆಳ್ಳುಳ್ಳಿ ಹಾಕಿದ ಸೂಪು. ಮುದ್ದೆ ಹುರುಳಿ ಸಾರು ಬಿಟ್ಟು ಬೇರೇನೂ ತಿಳಿಯದಿದ್ದ ಕೆಂಪಾಜಮ್ಮ ಡೋಲ್ಮಾ ಪಕ್ಕದಲ್ಲಿ ನಿಂತು ನೋಡಿ ನೋಡಿ ಎಲ್ಲವನ್ನೂ ಕಲಿತಳು. ಕ್ಯಾಂಪಿನ ಮುದುಕರೇ ಬಟ್ಟಲು ನೆಕ್ಕಿ ಮತ್ತೆ ಹಾಕಿಸಿಕೊಳ್ಳುತ್ತಿದ್ದರು.

ಈಗೀಗ ಅವಳ ಕೈ ನಡುಗುತ್ತದೆ. ಸೌಟು ಹಿಡಿದರೆ ಅರ್ಧ ಬಟ್ಟಲಿಗೆ, ಅರ್ಧ ನೆಲಕ್ಕೆ. ಡೋಲ್ಮಾ ಕಂಡೂ ಕಾಣದ ಹಾಗೆ ಇದ್ದಾಳೆ, ಆದರೆ ಎಷ್ಟು ದಿನ ಇದ್ದಾಳು? ಕೆಲಸ ಹೋದರೆ ಹೋಗಲಿ, ತಾನೊಬ್ಬಳು ಗಂಜಿ ಕುಡಿದು ಬದುಕಿಕೊಂಡಾಳು. ತಾನು ಕಣ್ಣು ಮುಚ್ಚಿದ ಮೇಲೆ ಈ ಮಗನಿಗೆ ಅನ್ನ ಹಾಕುವವರು ಯಾರು? 

ಕಡೆಗೆ ಡೋಲ್ಮಾಳನ್ನೇ ಕೇಳಿದಳು. "ಅಕ್ಕಾ, ನನ್ ಜಾಗಕ್ಕೆ ನನ್ ಮಗನ್ನ ಇಟ್ಕೊ. ನಾನೇ ಕಲಿಸ್ತೀನಿ."

ಡೋಲ್ಮಾಗೆ ಕನ್ನಡ ಅಷ್ಟಕ್ಕಷ್ಟೇ. "ಕರ್ಕೊಂಡು ಬಾ," ಅಂದಳು. "ಕಲಿತ, ಇಲ್ಲೇ ಕೆಲಸ. ಕಲಿಯಲ್ಲ, ಬೇರೆ ಜನ."

ಕೆಂಪಾಜಮ್ಮ ಅವತ್ತೇ ಮಗನಿಗೆ ಹೊಸ ಟವಲು ಹೆಗಲಿಗೆ ಹಾಕಿ ಅಡುಗೆಮನೆಗೆ ಕರೆತಂದಳು.

"ಇಲ್ನೋಡ್ಲಾ. ನೀರು ಕುದಿವಾಗ ನೂಡಲ್ಸ್ ಹಾಕು. ಮೆತ್ತಗಾಗೋಗಂಟ ಬೇಯ್ಸು." ಇಷ್ಟು ಹೇಳಿ ಸೊಪ್ಪು ಕೊಯ್ಯಲು ಹಿತ್ತಲಿಗೆ ಹೋದಳು. ಅಲ್ಲಿ ಯಾರೋ ಮಾತಿಗೆ ಸಿಕ್ಕಿದರು, ಸ್ವಲ್ಪ ತಡವಾಯಿತು. ಬಂದು ನೋಡಿದರೆ ಕಡ್ಡಿಯಲ್ಲಿ ಎತ್ತಿ ತಿನ್ನಬೇಕಾದ್ದು ಲೋಟದಲ್ಲಿ ಹಾಕಿ ಕುಡಿಯುವ ಹಾಗಾಗಿತ್ತು.

"ಇದೇನ್ಲಾ, ಅಂಬ್ಲಿ ಕಾಯ್ಸಿದ್ದೀಯಾ?"

"ಮುಟ್ಟಿ ಮುಟ್ಟಿ ನೋಡ್ತಾನೇ ಇದ್ದೆ ಕಣವ್ವ. ಇನ್ನೂ ಮೆತ್ತಗಾಗ್ತಾನೇ ಇತ್ತು. ಅದ್ಕೇ ಬಿಟ್ಟೆ."

ಕೆಂಪಾಜಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಮಂಕೆ, ಬೆಂದಿದ್ದನ್ನ ಹಂಗೇ ಬಿಡ್ತಾರೇನ್ಲಾ? ಬಿಸಿನೀರಿಂದ ಆಚೆ ಬಂದ ತಕ್ಷಣ ಮೇಲೆ ತಣ್ಣೀರು ಸುರೀಬೇಕು. ಕೈಗೆ ಎಣ್ಣೆ ಹಚ್ಕೊಂಡು ಎಲ್ಲಾ ಕಡೆಗೂ ಸವರ್ಬೇಕು. ಇಲ್ದಿದ್ರೆ ಅಂಟ್ಕೊಂಡು ಮುದ್ದೆ ಆಯ್ತದೆ. ತಿಳೀತಾ?"

"ತಿಳೀತು ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ," ಅಂದ ಜವರ.

ಹಾಗೇ ಮಾಡಿದ.

ಅತಿಥಿಗೃಹದಲ್ಲಿ ಹಾಸನದ ಕಡೆಯ ಒಬ್ಬರು ಮೇಷ್ಟ್ರು ಉಳಿದಿದ್ದರು. ವಯಸ್ಸಾದವರು, ಚಳಿ ಆಗದು. ಬೆಳಿಗ್ಗೆ ಹಂಡೆ ತುಂಬ ಬಿಸಿನೀರು ಹುಯ್ದುಕೊಂಡು, ಪಂಚೆ ಸುತ್ತಿಕೊಂಡು, ಮೈಯಿಂದ ಹಬೆಯಾಡುತ್ತ ಬಚ್ಚಲಿನಿಂದ ಆಚೆ ಬಂದರು. ಅಂಗಳದಲ್ಲಿ ಜವರ ಪಾತ್ರೆ ತಿಕ್ಕುತ್ತಿದ್ದ. ಕಂಡದ್ದೇ ತಡ, ಎದ್ದು ಒಂದು ಕೊಡ ತಣ್ಣೀರನ್ನು ಅವರ ನೆತ್ತಿಯ ಮೇಲೆ ಸುರಿದುಬಿಟ್ಟ. ಮೇಷ್ಟ್ರಿಗೆ ಉಸಿರು ಸಿಕ್ಕಿಕೊಂಡಿತು. ಅವರು ಬಾಯಿ ತೆರೆಯುವಷ್ಟರಲ್ಲಿ ಜವರ ಎಣ್ಣೆ ಡಬ್ಬ ತಂದು ಬೆನ್ನು, ಕತ್ತು, ಕಿವಿ, ಬೆರಳ ಸಂದಿಯನ್ನೂ ಬಿಡದೆ ಸವರತೊಡಗಿದ.

"ಏಯ್, ಏನಯ್ಯಾ ಇದು, ಬಿಡೋ!"

"ಅಲ್ಲಾಡ್ಬೇಡಿ ಸಾ. ಅಂಟ್ಕೊಂಡ್ಬಿಡ್ತೀರ."

ಡೋಲ್ಮಾ ಓಡಿ ಬಂದಳು. ಕೆಂಪಾಜಮ್ಮ ಓಡಿ ಬಂದಳು. ಬಂದು ಮೇಷ್ಟ್ರ ಕಾಲು ಹಿಡಿದಳು. ಹಲ್ಲು ಕಟಕಟಿಸುತ್ತಿದ್ದರಿಂದ ಅವರಿಗೆ ಬೈಯಲೂ ಆಗಲಿಲ್ಲ. ಡೋಲ್ಮಾ ಕೆಂಪಾಜಮ್ಮನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು. ಬೈದಿದ್ದರೇ ವಾಸಿಯಾಗಿತ್ತು.

"ಮನುಷ್ರಿಗೆ ತಣ್ಣೀರು ಸುರೀತಾರೇನ್ಲಾ ಪಾಪಿ? ಆ ದೊಡ್ಡೋರು ಹೆಂಗೆ ನಡುಗ್ತಾವ್ರೆ ನೋಡು. ನೆಂದು ನಡುಗೋದನ್ನ ಕಂಡ್ರೆ ಒಣ ಬಟ್ಟೆ ಸುತ್ತಬೇಕು. ಕಂಬಳಿ ಹೊದಿಸ್ಬೇಕು. ಒಲೆ ಮುಂದೆ ಬೆಚ್ಚಗೆ ಕೂರಿಸ್ಬೇಕು. ಅಷ್ಟೂ ಗೊತ್ತಾಗಲ್ವಾ ನಿಂಗೆ?"

"ಈಗ ಗೊತ್ತಾಯ್ತು ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಹಾಗೇ ಮಾಡಿದ.

ಮರುದಿನ ತೋಫು ತರಲು ಕಳಿಸಿದಳು. ತೋಫು ಅಂದರೆ ಸೋಯಾ ಹಾಲು ಒಡೆಸಿ ಮಾಡಿದ ಗಟ್ಟಿ, ನೋಡಲು ನಮ್ಮ ಗಿಣ್ಣಿನ ಹಾಗೆ. ಕೆಡದಿರಲೆಂದು ತಣ್ಣೀರಲ್ಲೇ ಇಟ್ಟಿರುತ್ತಾರೆ. ಜವರ ಬಕೆಟ್ಟಿನಲ್ಲಿ ತಂದ, ಎರಡು ಕೈಯಲ್ಲಿ ಹಿಡಿದು ನೀರಿನಿಂದ ಎತ್ತಿದ. ಬೆಳ್ಳಗೆ, ಒದ್ದೆಯಾಗಿ ಅದು ಅಂಗೈ ಮೇಲೆ ಗದಗದ ಅನ್ನುತ್ತಿತ್ತು. ಜವರನ ಕರುಳು ಚುರುಕ್ ಅಂದಿತು.

ಕೆಂಪಾಜಮ್ಮ ತರಕಾರಿ ಹೆಚ್ಚಿ, ಶುಂಠಿ ಜಜ್ಜಿ, ಬೇರೆ ಕೆಲಸವೆಲ್ಲ ಮುಗಿಸಿ ತೋಫು ಹುರಿಯೋಣವೆಂದು ಬಂದಳು. ಬಕೆಟ್ಟು ಖಾಲಿ. ಒಲೆಯ ಮುಂದೆ ಮಣೆ, ಮಣೆಯ ಮೇಲೆ ಕಂಬಳಿ, ಪಕ್ಕದಲ್ಲಿ ಜವರ.

"ತೋಫು ಎಲ್ಲಿ ಇಟ್ಟಿದ್ದೀಯ್ಲಾ?"

"ಮೆಲ್ಲಗೆ ಮಾತಾಡವ್ವ. ಈಗಷ್ಟೇ ನಡುಗೋದು ನಿಲ್ಸೈತೆ."

ಕಂಬಳಿ ತೆಗೆದಳು. ಒಳಗೆ ಹೊಸ ಟವಲು. ಟವಲು ಬಿಚ್ಚಿದಳು. ಹುಳಿ ವಾಸನೆ ಗಪ್ಪನೆ ಮುಖಕ್ಕೆ ಹೊಡೆಯಿತು. ಬೆಳಗಿನಿಂದ ಒಲೆಯ ಕಾವಿನಲ್ಲಿ ಬೆಚ್ಚಗೆ ಕೂತ ತೋಫು ಇನ್ನೇನಾಗುತ್ತದೆ? ಅವತ್ತು ಅತಿಥಿಗಳಿಗೆ ಬರೀ ಎಲೆಕೋಸು, ಅನ್ನ. ಡೋಲ್ಮಾ ಹುಳಿ ತೋಫುವನ್ನು ತಾನೇ ಹೊರಗೆ ಎಸೆದು ಬಂದು ಹೇಳಿದಳು, "ಇನ್ನೊಂದು ಸಲ ನೋಡು. ಆಮೇಲೆ ಬೇರೆ ಜನ."

ಕೆಂಪಾಜಮ್ಮ ಮಗನನ್ನು ಮೂಲೆಗೆ ಎಳೆದುಕೊಂಡು ಹೋದಳು.

"ನನ್ ಹೊಟ್ಟೇಲಿ ಯಾಕಾದ್ರೂ ಹುಟ್ಟಿದ್ಯೋ. ತೋಫುಗೆ ಚಳಿ ಆಯ್ತದೇನ್ಲಾ? ಬಟ್ಟೆ ಸುತ್ತಿದ್ದು ಸರಿ, ಅದ್ರ ಮೇಲೆ ಗುಂಡುಕಲ್ಲು ಹೇರ್ಬೇಕು. ಒಳಗಿನ ನೀರೆಲ್ಲ ಇಳ್ದು ಹೋಗ್ಬೇಕು. ಆಮೇಲೆ ಹುರುದ್ರೆ ಗರಿಗರಿ ಆಯ್ತದೆ. ನೆಪ್ಪಿಟ್ಕೊ, ಬಟ್ಟೆ ಕೆಳಗೆ ಮೆತ್ತಗಿರೋದು ಇದ್ರೆ ಮೊದ್ಲು ಮೇಲೆ ಭಾರ ಹೇರು, ಆಮೇಲೆ ಬೇರೆ ಮಾತು."

"ನೆಪ್ಪಿಟ್ಕೋತೀನಿ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ನೀವು ನಗುತ್ತಿದ್ದೀರಿ. ಆ ತಾಯಿಯ ಹೊಟ್ಟೆಯ ಸಂಕಟ ನಿಮಗೇನು ಗೊತ್ತು?

ಮೈಸೂರಿನಿಂದ ಒಂದು ಬಸ್ಸಿನಷ್ಟು ಜನ ಊಟಕ್ಕೆ ಬರುವವರಿದ್ದರು. ಎಲ್ಲರಿಗೂ ಮೋಮೋ ಆಗಬೇಕು. ಕೆಂಪಾಜಮ್ಮ ಮಗನನ್ನು ಹಿಟ್ಟಿನ ಹತ್ತಿರವೂ ಬಿಡಲಿಲ್ಲ. "ನೀನು ನೀರು ಸೇದು, ಸೌದೆ ತಾ, ಅಷ್ಟೇ," ಅಂದಳು. ಬೆಳಕು ಹರಿಯುವಾಗಲೇ ಕೂತು, ನಡುಗುವ ಬೆರಳುಗಳನ್ನು ಹಲ್ಲು ಕಚ್ಚಿ ತಡೆದುಕೊಂಡು, ಒಂದೊಂದು ಮೋಮೋಗೂ ಸೀರೆಯ ನೆರಿಗೆ ಹಿಡಿದ ಹಾಗೆ ಅಂಚು ಮಡಿಸಿದಳು. ತಟ್ಟೆ ತಟ್ಟೆ ತುಂಬಿತು. ಹಬೆಗೆ ಇಡುವ ತನಕ ಒಣಗದಿರಲೆಂದು ಮೇಲೆ ಒದ್ದೆ ಬಟ್ಟೆ ಮುಚ್ಚಿದಳು. ಬಹಳ ದಿನದ ಮೇಲೆ ಅವಳಿಗೆ ಸ್ವಲ್ಪ ಸಮಾಧಾನ ಆಗಿತ್ತು. ಮುಖ ತೊಳೆದು ಬರೋಣವೆಂದು ಎದ್ದಳು.

ಜವರ ಸೌದೆ ಹೊತ್ತುಕೊಂಡು ಒಳಗೆ ಬಂದ. ಬಟ್ಟೆ ಕಂಡ. ಬಟ್ಟೆಯ ಮೇಲೆ ಬೆರಳಿಟ್ಟು ಒತ್ತಿ ನೋಡಿದ. ಮೆತ್ತಗಿತ್ತು.

ಮುಖ ತೊಳೆದು ಬಂದ ಕೆಂಪಾಜಮ್ಮ ಬಾಗಿಲಲ್ಲೇ ನಿಂತಳು. ತಟ್ಟೆಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿಟ್ಟಿತ್ತು. ಅದರ ಮೇಲೆ ರುಬ್ಬುವ ಗುಂಡು. ಗುಂಡು ಸಾಲದು ಅನ್ನಿಸಿ, ಅಡ್ಡಕ್ಕೊಂದು ಹಲಗೆ ಇಟ್ಟು ಅದರ ಮೇಲೆ ಜವರನೇ ಕೂತಿದ್ದ.

"ಇನ್ನೊಸಿ ಹೊತ್ತು ತಾಳವ್ವ. ಇನ್ನೂ ನೀರು ಇಳೀತೈತೆ."

ಕೆಂಪಾಜಮ್ಮ ಬೈಯಲಿಲ್ಲ. ಬುದ್ಧಿಯನ್ನೂ ಹೇಳಲಿಲ್ಲ. ಹೊಸ್ತಿಲ ಮೇಲೆ ಕುಸಿದು ಕೂತು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಮುಗಿಯಿತು, ಎಲ್ಲ ಮುಗಿಯಿತು, ಇನ್ನು ಈ ಮಗ ಬೀದಿಪಾಲು ಎಂದು ಬಿಕ್ಕಿ ಬಿಕ್ಕಿ ಅತ್ತಳು. ಜವರ ಹಲಗೆಯಿಂದ ಇಳಿದು ಅವಳ ಬಾಯಿಯನ್ನೇ ನೋಡುತ್ತ ನಿಂತ. ಬುದ್ಧಿಮಾತು ಬರಲಿಲ್ಲ. ಅದಿಲ್ಲದೆ ಮುಂದೇನು ಮಾಡಬೇಕೋ ಅವನಿಗೂ ತಿಳಿಯಲಿಲ್ಲ.

ಆಗ ಹಿಂದಿನಿಂದ ಡೋಲ್ಮಾ ದನಿ ಕೇಳಿತು. "ಜವರ. ಕಲ್ಲು ತೆಗಿ."

ತೆಗೆದ.

"ದೊಡ್ಡ ಪಾತ್ರೆ. ನೀರು. ಶುಂಠಿ ಹಾಕು. ಬೆಳ್ಳುಳ್ಳಿ ಹಾಕು."

ಹಾಕಿದ. ನೀರು ಕುದಿಯಿತು. ಡೋಲ್ಮಾ ಒಂದು ಚಪ್ಪಟೆ ಮೋಮೋ ಎತ್ತಿ, ಅಂಟಿದ ಹಿಟ್ಟನ್ನು ಎಳೆದು, ಹರಿದು, ಕುದಿಯುವ ನೀರಿಗೆ ಹಾಕಿ ತೋರಿಸಿದಳು. "ಹರಿ. ಹಾಕು." ಒಳಗಿನ ಎಲೆಕೋಸೂ ಜೊತೆಗೇ ಬಿತ್ತು. ಜವರ ಹರಿದ, ಹಾಕಿದ. ಹರಿದ, ಹಾಕಿದ. "ಸಾಕು. ಸೋಯಾ ಸಾಸು." ಹಾಕಿದ. ಉಪ್ಪಿನ ಡಬ್ಬದ ಮೇಲೆ ಡೋಲ್ಮಾ ಕೈ ಇಟ್ಟಳು. "ಉಪ್ಪು ಬೇಡ. ಸಾಸಿನಲ್ಲಿ ಇದೆ. ಒಲೆ ಆರಿಸು. ಈಗ ಈರುಳ್ಳಿ ಸೊಪ್ಪು."

ಮೈಸೂರಿನವರು ಬಂದರು, ಕೂತರು, ಸೂಪು ಕುಡಿದರು. ಮೋಮೋ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರೂ ಎರಡನೆಯ ಸಲ ಬಟ್ಟಲು ಚಾಚಿದರು.

ಕೆಂಪಾಜಮ್ಮ ಹೊಸ್ತಿಲ ಮೇಲೆ ಕೂತೇ ಎಲ್ಲ ನೋಡಿದಳು. ಡೋಲ್ಮಾಗೆ ಇದ್ದದ್ದೇ ನಾಲ್ಕು ಕನ್ನಡ ಮಾತು. ಆ ಹೊತ್ತಿಗೆ ಬೇಕಾದ್ದನ್ನು ಹೇಳಿದರೆ ಅವಳ ಮಾತು ಮುಗಿದೇಹೋಗುತ್ತಿತ್ತು. ನಾಳೆಗೂ ಸೇರಿಸಿ ಬುದ್ಧಿ ಹೇಳುವಷ್ಟು ಮಾತು ಅವಳಲ್ಲಿ ಉಳಿಯುತ್ತಿರಲಿಲ್ಲ. ಜವರನಿಗೆ ಬೇಕಾದದ್ದೂ ಅಷ್ಟೇ ಆಗಿತ್ತು. ಇಷ್ಟು ವರ್ಷ ಹೆತ್ತವಳಿಗೆ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ಸಂತೋಷಕ್ಕಿಂತ ನೋವೇ ಹೆಚ್ಚಾಯಿತು.

"ಹುಡುಗ ಒಳ್ಳೇದು," ಅಂದಳು ಡೋಲ್ಮಾ. "ಇಲ್ಲೇ ಕೆಲಸ. ಇಲ್ಲೇ ಊಟ, ಇಲ್ಲೇ ರೂಮು. ನಾನು ಹೇಳು, ಅವನು ಮಾಡು. ನೀನು ಹೇಳಬೇಡ. ಎರಡು ಜನ ಹೇಳಿದ, ಕೆಟ್ಟ."

ಕೆಂಪಾಜಮ್ಮ ಕೈ ಮುಗಿದಳು. ಇನ್ನು ಸತ್ತರೂ ಚಿಂತೆಯಿಲ್ಲ ಅನ್ನಿಸಿತು.

ಮಾರನೆಯ ಬೆಳಿಗ್ಗೆ ಮಗನಿಗೆ ಎಣ್ಣೆ ಹಚ್ಚಿ ತಲೆ ಬಾಚಿ ಗೇಟಿನವರೆಗೆ ಕರೆತಂದಳು. ಅಲ್ಲಿಗೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಮಗನನ್ನು ಬೇರೆಯವರ ಕೈಗೆ ಒಪ್ಪಿಸುವಾಗ ಯಾವ ತಾಯಿ ಸುಮ್ಮನಿದ್ದಾಳು?

"ನೋಡ್ಲಾ ಮಗ, ಇದೇ ಕಡೆ ಮಾತು. ಇವತ್ತಿಂದ ಡೋಲ್ಮಮ್ಮನೇ ನಿಂಗೆ ತಾಯಿ. ಅವ್ಳು ಹೇಳಿದ್ದೇ ಮಾತು. ನಾ ಹೇಳಿದ್ದೆಲ್ಲ ಮರ್ತ್ಬುಡು. ನನ್ನೂ ಮರ್ತ್ಬುಡು."

ಜವರ ಯೋಚನೆ ಮಾಡಿದ. "ಎಲ್ಲಾನೂವೆ?"

"ಎಲ್ಲಾನೂವೆ ಕಂದ."

"ಸರಿ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಸಂಜೆಯಾಗುವಷ್ಟರಲ್ಲಿ ಕೆಂಪಾಜಮ್ಮನಿಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಮೊದಲ ದಿನ ಹೇಗಾಯಿತೋ, ಹೊಟ್ಟೆಗೆ ತಿಂದನೋ ಇಲ್ಲವೋ. ಒಂದು ಸಲ ಮುಖ ನೋಡಿ ಬರೋಣವೆಂದು ಬಂದಳು. ಜವರ ಊಟದ ಕೋಣೆಯ ಬಾಗಿಲಲ್ಲೇ ಇದ್ದ. ಅವಳನ್ನು ಕಂಡು ಎರಡೂ ಕೈ ಜೋಡಿಸಿದ.

"ಬನ್ನಿ ಅಮ್ಮ, ಕೂತ್ಕೊಳಿ. ಯಾವೂರಾಯ್ತು?"

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡಳು. ಆದರೆ ಜವರ ಹುಟ್ಟಿದಾಗಿನಿಂದ ಒಂದು ತಮಾಷೆ ಮಾಡಿದವನಲ್ಲ. ಒಳಗೆ ಹೋಗಿ ಬಟ್ಟಲು ತಂದು ಅವಳ ಮುಂದಿಟ್ಟ. ನೂಡಲ್ಸು ಎಳೆ ಎಳೆಯಾಗಿತ್ತು. ತೋಫು ಗರಿಗರಿಯಾಗಿತ್ತು. ಈರುಳ್ಳಿ ಸೊಪ್ಪು ಬಾಡದೆ ಹಸಿರಾಗಿತ್ತು. ಕೆಂಪಾಜಮ್ಮ ಒಂದು ತುತ್ತು ಬಾಯಿಗಿಟ್ಟಳು. ಅವಳೇ ಇಷ್ಟು ಚೆನ್ನಾಗಿ ಎಂದೂ ಮಾಡಿರಲಿಲ್ಲ. ಬಟ್ಟಲು ಬದಿಗೆ ಸರಿಸಿದಳು.

"ಲೋ ಜವರ, ನಾನು ಕಣ್ಲಾ. ನಿಮ್ಮವ್ವ."

ಜವರ ಗಾಬರಿಯಾಗಿ ಆಚೀಚೆ ನೋಡಿದ. ಆಮೇಲೆ ಬಗ್ಗಿ ಅವಳ ಕಿವಿಯ ಹತ್ತಿರ ಮೆಲ್ಲಗೆ ಹೇಳಿದ.

"ಊಟ ಮಾಡ್ಕೊಂಡು ಹೊಂಟೋಗಿ ಅಮ್ಮ. ನಿಮ್ಮನ್ನ ಮರೀಬೇಕು ಅಂತ ನಮ್ಮವ್ವ ಹೇಳವ್ಳೆ. ನೀವು ಹಿಂಗೆ ಬಂದು ಬಂದು ನೆಪ್ಪು ಮಾಡಿದ್ರೆ ಅವ್ಳು ನನ್ನ ಬೈತಾಳೆ."