ಮಂಕರಿ ಕೆಳಗಿನ ಎಂಟನೇದು

ಹೂಂಗುಟ್ಟೋಕೆ ಒಬ್ಬರಾದರೂ ಎಚ್ಚರವಾಗಿದ್ದರೆ ಸಾಕು, ಮುದ್ದೀರನ ಸಮಾಚಾರ ಹೇಳಿಬಿಡ್ತೀನಿ.

ಕಗ್ಗರೆಪಾಳ್ಯ ಅಂತ ಒಂದೂರು. ಅಲ್ಲಿ ಮಾಳಮ್ಮ ಅಂತ ಒಬ್ಬಳು. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವಳಿಗೆ ಇದ್ದದ್ದು ಎರಡೇ, ಒಂದು ಕೋಳಿ ಹಿಂಡು, ಇನ್ನೊಂದು ಮಗ ಮುದ್ದೀರ. ಕೋಳಿ ಮಾತು ಬಂದರೆ ಅವಳ ಎದೆ ಉಬ್ಬೋದು, ಮಗನ ಮಾತು ಬಂದರೆ ಸೆರಗು ಕಣ್ಣಿಗೆ ಹೋಗೋದು.

ಅವಳ ಕೋಳಿ ಅಂದರೆ ಅಂಥಿಂಥ ಕೋಳಿ ಅಲ್ಲ ಕಣ್ರಪ್ಪ. ಸಾರು ಕುದಿಸಿದರೆ ಬೀದಿಗೆಲ್ಲಾ ಘಮ. ಕಾವಿಗೆ ಕೂರಿಸಿದರೆ ಹನ್ನೊಂದು ಮೊಟ್ಟೆಗೆ ಹನ್ನೊಂದು ಮರಿ. ಆ ಹಿಂಡಿಗೊಂದು ಪಟ್ಟದ ಹುಂಜ, ಹೆಸರು ಕೆಂಚ. ಸುತ್ತಲ ಊರಿನ ಹೆಂಗಸರು ತಮ್ಮ ಹೇಂಟೆಯನ್ನ ಕಂಕುಳಲ್ಲಿ ಇರುಕಿಕೊಂಡು ಬಂದು, "ಮಾಳಕ್ಕ, ಒಂದು ವಾರ ನಿನ್ನ ಕೆಂಚನ ಜೊತೆ ಬಿಟ್ಕೋ" ಅನ್ನೋರು. ಮರಿಯಾದ ಮೇಲೆ ಅದರಲ್ಲೊಂದನ್ನ ತಂದು ಅವಳ ಮಡಿಲಿಗೆ ಹಾಕಿ ಹೋಗೋರು. ಊರಗೌಡನ ಹೆಂಡತೀನೂ ಹಂಗೇ ಬಂದು ಕೇಳಿಕೊಂಡು ಹೋಗಿದ್ದಳು.

ಮಗನೋ, ಇಪ್ಪತ್ತು ತುಂಬಿದ ಆಳು. ಹೇಳಿದ್ದನ್ನ ಒಂದು ಕೂದಲು ಕಮ್ಮಿ ಮಾಡದೆ, ಒಂದು ಕೂದಲು ಜಾಸ್ತಿ ಮಾಡದೆ ಮಾಡೋನು. ಅದೇ ಅವನ ರೋಗ.

ಒಂದಿನ ಮಾಳಮ್ಮ ಹೊಲಕ್ಕೆ ಹೊರಟಳು. "ಮಗ, ಅಂಗಳದಲ್ಲಿ ಹನ್ನೊಂದು ಮರಿ ಬಿಟ್ಟಿದೀನಿ. ಕೂತ್ಕೊಂಡು ಎಣಿಸ್ತಾ ಇರು. ಲೆಕ್ಕ ತಪ್ಪಬಾರದು."

"ಸರಿ ಕಣವ್ವ."

ಕೂತ. ಎಣಿಸಿದ. ಹನ್ನೊಂದು. ಹದ್ದು ಬಂತು, ಒಂದನ್ನ ಎತ್ಕೊಂಡು ಹೋಯ್ತು. ಎಣಿಸಿದ. ಹತ್ತು. ಹದ್ದು ಮತ್ತೆ ಬಂತು. ಎಣಿಸಿದ. ಒಂಬತ್ತು. ಸಂಜೆ ಅವ್ವ ಬಂದು ಕೇಳಿದರೆ, "ಏಳು ಕಣವ್ವ. ಒಂದು ಸಲಾನೂ ಲೆಕ್ಕ ತಪ್ಪಲಿಲ್ಲ" ಅಂದ.

ಮಾಳಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ, ಎಣಿಸ್ಕೊಂಡು ಕೂತಿದ್ಯೇನೋ? ಮೇಲಿಂದ ನೆರಳು ಬಿತ್ತು ಅಂದರೆ ಹಿಂದೆಮುಂದೆ ನೋಡದೆ ಮಂಕರಿ ಕವುಚಿ, ಅದರ ಮೇಲೆ ಕೂತುಬಿಡಬೇಕು."

"ಅಷ್ಟೇ ತಾನೆ? ಮೊದಲೇ ಹೇಳಬಾರದಿತ್ತಾ?"

ಯಾವುದರ ಮೇಲೆ ಕವುಚಬೇಕು ಅಂತ ಅವಳು ಹೇಳಲಿಲ್ಲ, ಇವನು ಕೇಳಲಿಲ್ಲ.

ಮಾರನೇ ದಿನ ಮಾಳಮ್ಮನ ಅಣ್ಣ ಜವರಪ್ಪ ಬಂದ. ತೆಂಗಿನ ಮರದಂಥ ಎತ್ತರದ ಆಳು. ಅಂಗಳದಲ್ಲಿ ನಿಂತು ಕೋಳಿ ನೋಡ್ತಾ ಇದ್ದರೆ ಅವನ ನೆರಳು ಮರಿಗಳ ಮೇಲೆ ಬಿತ್ತು. ಜಗುಲಿ ಮೇಲಿದ್ದ ಮುದ್ದೀರ ಹುಲ್ಲು ಹೊರೋ ದೊಡ್ಡ ಬಿದಿರುಬುಟ್ಟಿ, ಅದೇ ಮಂಕರಿ, ತಗೊಂಡು ದಬಕ್ ಅಂತ ಮಾವನ ತಲೆ ಮೇಲೆ ಕವುಚಿದ. ಮಾವ ಕುಸಿದು ಬಿದ್ದ. ಇವನು ಮೇಲೆ ಕೂತ.

ಮಾಳಮ್ಮ ನೀರು ಹೊತ್ಕೊಂಡು ಬಂದಳು. ಮಂಕರಿ ಬೈತಾ ಇತ್ತು.

"ಯಾರೋ ಒಳಗಿರೋದು?"

"ಮಾವ ಕಣವ್ವ. ಆದರೆ ನೆರಳು ಮೇಲಿಂದಾನೇ ಬಿತ್ತು."

ಈಚೆಗೆ ಬಂದ ಜವರಪ್ಪನ ಮೀಸೆ ತುಂಬಾ ಕೋಳಿಪುಕ್ಕ. "ಮಾಳಿ, ನಿನಗೂ ವಯಸ್ಸಾಯ್ತು. ಈ ಹಿಂಡು ಇವನ ಕೈಗೆ ಹೋದರೆ ಒಂದು ಪುಕ್ಕಾನೂ ಉಳಿಯಲ್ಲ. ಕೆಂಚನ್ನ, ಹೇಂಟೆಗಳನ್ನ ನನ್ನ ಹಟ್ಟಿಗೆ ಕಳಿಸಿಬಿಡು."

ಮಾಳಮ್ಮ ಕೆಂಚನನ್ನ ಎತ್ತಿ ಕಂಕುಳಲ್ಲಿ ಇರುಕಿಕೊಂಡಳು. ಅತ್ತೆ ಕಾಲದಿಂದ ಕಾಪಾಡಿಕೊಂಡು ಬಂದ ತಳಿ ಅದು. ಆದರೂ ಮಗನನ್ನ ಬಿಟ್ಟುಕೊಡೋ ಹೆಂಗಸಲ್ಲ ಅವಳು. "ಅಣ್ಣ, ಬರೋ ಹುಣ್ಣಿಮೆ ದಿನ ಎಳೇ ಹುಂಜ ಆರಿಸಬೇಕು. ಯಾವುದು ತಳಿಗೆ, ಯಾವುದು ಸಾರಿಗೆ ಅಂತ ನನ್ನ ಮಗನೇ ಆರಿಸ್ತಾನೆ. ಒಂದೇ ಒಂದು ತಪ್ಪಿದರೂ ಹಿಂಡು ನಿಂದು" ಅಂದಳು. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು.

ಅಣ್ಣ ಹೋದ ಮೇಲೆ ಮಗನಿಗೆ ಬೈದಳು. "ಮನೆಗೆ ಬಂದೋರಿಗೆ ಕಾಲಿಗೆ ನೀರು ಕೊಟ್ಟು, ಮಣೆ ಹಾಕಿ, ಹೊಟ್ಟೆ ತುಂಬಾ ತಿನ್ನೋಕೆ ಕೊಟ್ಟು ಕಳಿಸಬೇಕು ಕಣೋ ದಡ್ಡ ಮುಂಡೇದೆ."

"ಇನ್ಮೇಲೆ ಹಂಗೇ ಮಾಡ್ತೀನವ್ವ."

ಮಾಡಿದ. ಮರುದಿನ ಮನೆಗೆ ಬಂದದ್ದು ಮುಂಗುಸಿ. ಮುದ್ದೀರ ಅದರ ಮುಂದೆ ಚೊಂಬಲ್ಲಿ ನೀರಿಟ್ಟ. ಮಣೆ ಹಾಕಿದ. ಕಾವಿನ ಬುಟ್ಟಿಯಿಂದ ಒಂದೊಂದೇ ಮೊಟ್ಟೆ ತಂದು ಬಡಿಸಿದ. ಅವ್ವ ಬರೋ ಹೊತ್ತಿಗೆ ಬುಟ್ಟೀಲಿ ಬರೀ ಹುಲ್ಲು.

"ಮಣೆ ಮೇಲೆ ಮಾತ್ರ ಕೂರಲಿಲ್ಲವ್ವ, ನಾಚ್ಕೆ ಅದಕ್ಕೆ. ಮಿಕ್ಕಿದ್ದೆಲ್ಲಾ ಸರಿಯಾಗಿ ನಡೀತು."

ಮಾಳಮ್ಮ ಕೂತಲ್ಲೇ ಕೂತಳು. ಹುಣ್ಣಿಮೆಗೆ ಇನ್ನು ನಾಲ್ಕೇ ದಿನ. ಬೈಯೋಕೂ ಶಕ್ತಿ ಇರಲಿಲ್ಲ. "ಬಂದದ್ದನ್ನೆಲ್ಲಾ ಒಂದೇ ಥರ ನೋಡ್ತಾರೇನೋ? ಗುಣ ನೋಡಬೇಕು ಮಗ, ಗುಣ. ಕೇಳು ಇಲ್ಲಿ. ಕಾಲು ದಪ್ಪ, ಜುಟ್ಟು ನೆಟ್ಟಗೆ, ಬೆಳಗ್ಗೆ ಎಲ್ಲದಕ್ಕಿಂತ ಮುಂಚೆ ಕೂಗ್ತದೆ, ಕಾಳು ಕಂಡರೆ ಬೇರೇವನ್ನ ಕರೆದು ತಿನ್ನಿಸ್ತದೆ, ಅದು ತಳಿಗೆ. ಅದನ್ನ ಗೂಡಿಗೆ ಬಿಡು. ಕಾಲು ಸಣ್ಣ, ಬಿಸಿಲೇರಿದರೂ ತೂಕಡಿಸ್ತದೆ, ಎಷ್ಟು ಹಾಕಿದರೂ ತಿಂತಾನೇ ಇರ್ತದೆ, ಅದು ಸಾರಿಗೆ. ಅದನ್ನ ಮಂಕರಿ ಕೆಳಕ್ಕೆ ಹಾಕು. ನಾನು ಮಡಿಲಲ್ಲಿ ಹಾಕ್ಕೊಂಡು ಸಾಕಿದ್ದಾದರೂ ಸರಿ, ಮುಖ ನೋಡಿ ಬಿಡಬೇಡ."

ನಾಲ್ಕು ದಿನವೂ ಇದೇ ಪಾಠ. ಕಾಲು ದಪ್ಪ ಗೂಡಿಗೆ, ಕಾಲು ಸಣ್ಣ ಮಂಕರಿಗೆ. ಉಣ್ಣುವಾಗಲೂ ಅದೇ, ಮಲಗುವಾಗಲೂ ಅದೇ.

ಹುಣ್ಣಿಮೆ ಬಂತು. ಜವರಪ್ಪ ಕೆಂಚನನ್ನ ಹೊತ್ತೊಯ್ಯೋಕೆ ಪಂಜರ ಸಮೇತ ಬಂದ. ಮಾಳಮ್ಮ ಅವನನ್ನ ಒಳಗೆ ಕೂರಿಸಿ, ಮುದ್ದೆ ಬಡಿಸಿ, ಮಗನನ್ನ ಒಬ್ಬನೇ ಅಂಗಳಕ್ಕೆ ಬಿಟ್ಟಳು. ಅಂಗಳದಲ್ಲಿ ಕೆಂಚನ ಜೊತೆ ಒಂಬತ್ತು ಎಳೇ ಹುಂಜ. ಅವಳ ಜೀವ ಬಾಗಿಲಾಚೆಗೇ ಇತ್ತು.

ಊಟ ಮುಗಿಸಿ ಇಬ್ಬರೂ ಹೊರಗೆ ಬಂದರು. ಗೂಡಲ್ಲಿ ಕೆಂಚ, ಅವನ ಪಕ್ಕ ಎರಡು ಎಳೇ ಹುಂಜ. ದಪ್ಪ ಕಾಲು, ನೆಟ್ಟಗಿನ ಜುಟ್ಟು. ಜವರಪ್ಪ ಒಂದೊಂದನ್ನೂ ಎತ್ತಿ ತಿರುಗಿಸಿ ನೋಡಿದ, ತಪ್ಪು ಸಿಗಲಿಲ್ಲ. ಮಂಕರಿ ಎತ್ತಿದ. ಏಳು ಸಣಕಲು ಹುಂಜ. ಅವುಗಳ ಮಧ್ಯೆ ಮಂಡಿ ಅಪ್ಪಿಕೊಂಡು ಕೂತಿದ್ದಾನೆ ಮುದ್ದೀರ.

"ನೀನ್ಯಾಕೋ ಇದರೊಳಗೆ?" ಅಂದಳು ಮಾಳಮ್ಮ.

"ಕಾಲು ಸಣ್ಣ ಕಣವ್ವ. ಬಿಸಿಲೇರಿದರೂ ಏಳಲ್ಲ. ಎಷ್ಟು ಹಾಕಿದರೂ ತಿಂತೀನಿ. ಮಡಿಲಲ್ಲಿ ಸಾಕಿದ್ದಾದರೂ ಬಿಡಬೇಡ ಅಂದ್ಯಲ್ಲ."

ಜವರಪ್ಪ ತೊಡೆ ತಟ್ಟಿಕೊಂಡು ನಕ್ಕ. "ತಪ್ಪಿತು ನೋಡು ಮಾಳಿ. ಒಂದು ಹೆಚ್ಚಾಗಿ ಬಿದ್ದಿದೆ. ಹಿಂಡು ನಂದು."

ಮಾಳಮ್ಮ ಬಗ್ಗಿ ನೋಡಿದಳು. ಮಗನ ಅಂಗೈಯಲ್ಲಿ ಬೆಳಗ್ಗೆ ಅವಳೇ ಕೊಟ್ಟ ರೊಟ್ಟಿಯ ಚೂರು. ಅದನ್ನ ಪುಡಿ ಮಾಡಿ ಏಳಕ್ಕೂ ಉದುರಿಸಿದ್ದ, ತಾನು ಒಂದು ತುಂಡೂ ತಿಂದಿರಲಿಲ್ಲ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ನಿಂತಳು.

"ಇವನು ಮಂಕರೀಲಿರೋದು ತಪ್ಪಾ ಅಣ್ಣ?"

"ತಪ್ಪಲ್ಲದೆ ಮತ್ತೇನು?"

"ಹಂಗಾದರೆ ಇವನು ತಳಿಗೆ ಅಂತ ನಿನ್ನ ಬಾಯಲ್ಲೇ ಬಂತು. ತಳಿಗೆ ಅಂದಮೇಲೆ ಹಿಂಡು ಇವನದೇ. ತಪ್ಪಲ್ಲ ಅಂತೀಯೋ, ಆಗ ನನ್ನ ಮಗ ಒಂದೂ ತಪ್ಪದೆ ಆರಿಸಿದ ಅಂತಾಯ್ತು. ಯಾವುದು ಬೇಕೋ ಹೇಳು. ತನ್ನ ರೊಟ್ಟೀನ ಬೇರೇವಕ್ಕೆ ಕರೆದು ತಿನ್ನಿಸೋನು ನನ್ನ ಮಗ."

ಜವರಪ್ಪ ಮೀಸೆ ತಿರುವಿದ, ತಲೆ ಕೆರೆದುಕೊಂಡ, ಖಾಲಿ ಪಂಜರವನ್ನ ಗೋಡೆಗೆ ಒರಗಿಸಿದ. "ಆಯ್ತು ಕಣವ್ವ, ಇರಲಿ. ಇವತ್ತು ಇಲ್ಲೇ ಉಳ್ಕೋತೀನಿ, ಸಾರಾದರೂ ಹಾಕು" ಅಂದ.

ಮಾಳಮ್ಮ ಮಗನ ತಲೆ ಸವರಿದಳು. "ಏಳಪ್ಪ. ನೀನು ಸಾರಿಗಲ್ಲ, ತಳಿಗೆ."

"ಹೌದಾ ಅವ್ವ?"

ಮುದ್ದೀರ ಎದ್ದ, ಮೈ ಕೊಡವಿದ, ನೆಟ್ಟಗೆ ಹೋಗಿ ಗೂಡಿನ ಬಾಗಿಲು ತೆಗೆದು ಕೆಂಚನ ಪಕ್ಕ ಕೂತ. ಕರೆದರೂ ಬರಲಿಲ್ಲ. ಅವನ ಊಟವನ್ನ ಅಲ್ಲಿಗೇ ಕೊಟ್ಟರು.

ಬೆಳಗಿನ ಜಾವ ಕೆಂಚ ಇನ್ನೂ ಕತ್ತು ಎತ್ತಿರಲಿಲ್ಲ. ಗೂಡಿನೊಳಗಿಂದ ಊರಿಗೆ ಊರೇ ಎದ್ದು ಕೂರೋ ಹಂಗೆ ಒಂದು ಕೂಗು ಬಂತು, ಕೊಕ್ಕೋಕೋ ಅಂತ. ಜಗುಲಿ ಮೇಲಿದ್ದ ಜವರಪ್ಪ ಕಂಬಳಿ ಸಮೇತ ಕೆಳಗೆ ಬಿದ್ದ. ಮಾಳಮ್ಮ ಕದ ತೆಗೆದು ಈಚೆ ಬಂದಳು. ಬೀದಿ ಮಂದಿ ಎಲ್ಲಾ ಕಣ್ಣುಜ್ಜಿಕೊಂಡು ನಿಂತಿದ್ದರು.

"ನನ್ನ ಮಗ ಕಣ್ರವ್ವ," ಅಂದಳು ಮಾಳಮ್ಮ, "ಕೆಂಚನಿಗಿಂತ ಮುಂಚೆ ಕೂಗಿದ."